ಕ್ಯಾಥೊಲಿಕರು ಫ್ರೀಮೇಸನ್ ಆಗಬಹುದಾ? ಚರ್ಚು ‘ಬೇಡ’ ಅನ್ನುವುದು ಯಾಕೆ?

ಫಿಲಿಪ್ಪೀನ್ಸ್‌ನ ನೆಗ್ರೋಸ್ ದ್ವೀಪದಲ್ಲಿ ದುಮಗೆತೆ ಅನ್ನುವ ಕಡಲತೀರದ ಊರಿದೆ. ಅಲ್ಲಿನ ಬಿಷಪ್ ಜುಲಿಟೊ ಕೊರ್ಟೆಸ್ ಅವರಿಗೆ ಒಂದು ಚಿಂತೆ ಕಾಡುತ್ತಿತ್ತು. ಭಾನುವಾರ ಚರ್ಚಿನ ಮುಖ್ಯ ಆರಾಧನೆಯಾದ ಬಲಿಪೂಜೆಗೆ ಬರುವ ಜನರೇ ಫ್ರೀಮೇಸನ್ ಲಾಡ್ಜ್‌ಗಳಿಗೂ ಸೇರುತ್ತಿದ್ದರು. ಹಾಗೆ ಸೇರುವವರು ಜಾಸ್ತಿಯಾಗುತ್ತಲೇ ಇದ್ದರು. ಏನು ಮಾಡಬೇಕು ಎಂದು ಅವರು ವ್ಯಾಟಿಕನ್‌ಗೆ ಬರೆದು ಕೇಳಿದರು. 2023ರ ನವೆಂಬರ್ 13ರ ತಾರೀಖು ಹಾಕಿದ ಉತ್ತರ ಬಂತು. ಕಾರ್ಡಿನಲ್ ವಿಕ್ಟರ್ ಫರ್ನಾಂಡಿಸ್ ಸಹಿ ಹಾಕಿದ್ದರು, ಪೋಪ್ ಫ್ರಾನ್ಸಿಸ್ ಒಪ್ಪಿಗೆ ಕೊಟ್ಟಿದ್ದರು. ಕ್ಯಾಥೊಲಿಕರು ಫ್ರೀಮೇಸನ್ ಆಗುವಂತಿಲ್ಲ, ಪಾದ್ರಿಗಳಿಗೂ ಇದೇ ಮಾತು ಅನ್ವಯ ಎಂದು ಅದರಲ್ಲಿತ್ತು.

ಅಲ್ಲಿನ ಜನರಿಗೆ ಇದು ಸುಲಭದ ಮಾತಲ್ಲ. ಸ್ಪೇನ್ ಆಳ್ವಿಕೆಯ ವಿರುದ್ಧ ಬರೆದು, 1896ರಲ್ಲಿ ಗುಂಡಿಗೆ ಬಲಿಯಾದ ಹೊಸೆ ರಿಸಾಲ್ ಫ್ರೀಮೇಸನ್ ಆಗಿದ್ದರು. ಮಾರ್ಸೆಲೊ ದೆಲ್ ಪಿಲಾರ್, ಎಮಿಲಿಯೊ ಅಗಿನಾಲ್ದೊ ಕೂಡ. ಅಲ್ಲಿನ ಶಾಲೆಯ ಮಕ್ಕಳು ಇವರನ್ನು ರಾಷ್ಟ್ರವೀರರು ಅಂತ ಓದಿ ಬೆಳೆಯುತ್ತಾರೆ. ಅಂಥವರು ಇದ್ದ ಸಂಘ ತಪ್ಪು ಹೇಗಾಗುತ್ತದೆ ಎಂದು ಒಬ್ಬ ಭಕ್ತ ಕೇಳಿದರೆ, ಆ ಪ್ರಶ್ನೆಯನ್ನು ತಳ್ಳಿಹಾಕಲು ಬರುವುದಿಲ್ಲ. ಉತ್ತರ ಸಿಗಬೇಕಾದರೆ ಬುಡದಿಂದಲೇ ಶುರು ಮಾಡಬೇಕು.

ಮೊದಲು, ಈ ಲಾಡ್ಜ್ ಅಂದರೆ ಏನು?

ನಮ್ಮಲ್ಲಿ ಲಾಡ್ಜ್ ಅಂದರೆ ಬಸ್ ಸ್ಟ್ಯಾಂಡ್ ಪಕ್ಕ ರೂಮು ಸಿಗುವ ಜಾಗ. ಫ್ರೀಮೇಸನ್ನರ ಲಾಡ್ಜ್ ಬೇರೆ. ಅದು ಸದಸ್ಯರು ತಿಂಗಳಿಗೋ ಎರಡು ತಿಂಗಳಿಗೋ ಸಭೆ ಸೇರುವ ಒಂದು ಘಟಕ. ಆ ಸಭೆ ನಡೆಯುವ ಕಟ್ಟಡಕ್ಕೂ ಜನ ಅದೇ ಹೆಸರು ಹೇಳುತ್ತಾರೆ.

ಮೇಸನ್ ಅಂದರೆ ಗಾರೆ ಮೇಸ್ತ್ರಿ, ಕಲ್ಲು ಕೆಲಸದವನು. ಯುರೋಪಿನಲ್ಲಿ ದೊಡ್ಡ ದೊಡ್ಡ ಚರ್ಚುಗಳನ್ನು ಕಟ್ಟಿದ ಕಲ್ಲು ಕೆಲಸದವರಿಗೆ ತಮ್ಮದೇ ಸಂಘಗಳಿದ್ದವು. ಕಸುಬಿನ ಗುಟ್ಟು ಹೊರಗೆ ಹೋಗದಂತೆ ಕಾಯುತ್ತಿದ್ದರು. ಕಾಲಕ್ರಮೇಣ ಕರಣೆ ಹಿಡಿಯದವರೂ ಈ ಸಂಘಗಳಿಗೆ ಬಂದರು. ಜಮೀನ್ದಾರರು, ವ್ಯಾಪಾರಿಗಳು, ಓದಿದವರು ಸೇರಿಕೊಂಡರು. 1717ರ ಜೂನ್ 24ರಂದು ಲಂಡನ್ನಿನ ಸೇಂಟ್ ಪಾಲ್ಸ್ ಚರ್ಚಿನ ಹತ್ತಿರದ ಒಂದು ಹೆಂಡದಂಗಡಿಯಲ್ಲಿ ನಾಲ್ಕು ಲಾಡ್ಜ್‌ಗಳು ಒಟ್ಟಿಗೆ ಕೂತು, ತಮ್ಮೆಲ್ಲರ ಮೇಲಿನ ಕೇಂದ್ರ ಸಂಘವಾಗಿ ಒಂದು ಗ್ರ್ಯಾಂಡ್ ಲಾಡ್ಜ್ ಮಾಡಿಕೊಂಡವು. ಫ್ರೀಮೇಸನ್ನರು ತಮ್ಮ ಹುಟ್ಟಿದ ದಿನ ಅಂತ ಹೇಳಿಕೊಳ್ಳುವುದು ಇದನ್ನೇ.

ಅಲ್ಲಿಂದ ಮುಂದೆ ಮೇಸ್ತ್ರಿಯ ಸಾಮಾನುಗಳೆಲ್ಲ ನೀತಿಪಾಠದ ಗುರುತುಗಳಾದವು. ಅವರ ಲಾಂಛನ ನೋಡಿದ್ದೀರಾ? ಒಂದು ಮೂಲೆಮಟ್ಟ, ಅದರ ಮೇಲೆ ಬಾಯಿ ತೆರೆದ ಕೈವಾರ. ಮೂಲೆಮಟ್ಟ ಅಂದರೆ ನೇರ ನಡತೆ. ಕೈವಾರ ಅಂದರೆ ಆಸೆಗೆ ಹಾಕಿಕೊಳ್ಳುವ ಗೆರೆ. ಸದಸ್ಯರಿಗೆ ಮೂರು ಮೆಟ್ಟಿಲುಗಳು: ಕಲಿಯುವವ, ಜೊತೆ ಕೆಲಸಗಾರ, ಮೇಸ್ತ್ರಿ. ಒಂದೊಂದು ಮೆಟ್ಟಿಲಿಗೂ ಒಂದೊಂದು ವಿಧಿ. ದೇವರನ್ನು ‘ವಿಶ್ವದ ಮಹಾಶಿಲ್ಪಿ’ ಎಂದು ಕರೆಯುತ್ತಾರೆ. ಸೇರುವವನಿಗೆ ದೇವರಲ್ಲಿ ನಂಬಿಕೆ ಇರಬೇಕು, ಆದರೆ ಯಾವ ದೇವರು ಎಂದು ಯಾರೂ ಕೇಳುವುದಿಲ್ಲ. ಲಾಡ್ಜ್ ಒಳಗೆ ಧರ್ಮದ ಚರ್ಚೆ, ರಾಜಕೀಯದ ಜಗಳ ಎರಡೂ ನಿಷಿದ್ಧ. ದಾನಧರ್ಮ ಧಾರಾಳವಾಗಿ ಮಾಡುತ್ತಾರೆ.

ಭಾರತಕ್ಕೆ ಇದು ಬ್ರಿಟಿಷರ ಜೊತೆ ಬಂತು. 1730ರ ಹೊತ್ತಿಗೇ ಕಲ್ಕತ್ತದಲ್ಲಿ ಲಾಡ್ಜ್ ಇತ್ತು. ಒಳಗೆ ಏನು ನಡೆಯುತ್ತದೆ ಎಂದು ಗೊತ್ತಾಗದೆ ಲಾಹೋರಿನಂಥ ಊರುಗಳ ಜನ ಆ ಕಟ್ಟಡಕ್ಕೆ ‘ಜಾದೂ ಘರ್’ ಎಂದು ಹೆಸರಿಟ್ಟಿದ್ದರು. 1961ರಲ್ಲಿ ಗ್ರ್ಯಾಂಡ್ ಲಾಡ್ಜ್ ಆಫ್ ಇಂಡಿಯಾ ಬೇರೆಯಾಗಿ ಶುರುವಾಯಿತು. ಬೆಂಗಳೂರಿನಲ್ಲೂ ಲಾಡ್ಜ್‌ಗಳಿವೆ.

ಗುಟ್ಟಿನ ಸಂಘವಾ? ‘ನಮ್ಮದು ಗುಟ್ಟಿನ ಸಂಘ ಅಲ್ಲ, ಕೆಲವು ಗುಟ್ಟುಗಳಿರುವ ಸಂಘ’ ಎಂದು ಅವರು ಹೇಳುತ್ತಾರೆ. ಅದು ಸರಿಯಾದ ಮಾತು. ಕಟ್ಟಡದ ಮೇಲೆ ಬೋರ್ಡ್ ಇರುತ್ತದೆ. ಗುಟ್ಟಾಗಿರುವುದು ಕೈ ಕುಲುಕುವ ರೀತಿ, ಗುರುತಿನ ಮಾತು, ವಿಧಿಯ ವಿವರ. ಈ ವಿಧಿಗಳು ಕೂಡ ಬಹಳ ವರ್ಷಗಳಿಂದ ಅಚ್ಚಾಗಿ ಸಿಗುತ್ತಿವೆ. ಹಾಗಾಗಿ ಒಳಗೆ ಏನಾಗುತ್ತದೆ ಎಂದು ನೋಡುವುದು ಕಷ್ಟವೇನಲ್ಲ.

ಕಣ್ಣಿಗೆ ಪಟ್ಟಿ, ಕೊರಳಿಗೆ ಹಗ್ಗ

ಸೇರಲು ಬಂದವನನ್ನು ಮೊದಲು ಹೊರಗಿನ ಕೋಣೆಯಲ್ಲಿ ನಿಲ್ಲಿಸುತ್ತಾರೆ. ಜೇಬಿನ ಕಾಸು, ಉಂಗುರ, ಲೋಹದ್ದು ಏನೇ ಇದ್ದರೂ ತೆಗೆಸುತ್ತಾರೆ. ಅಂಗಿಯನ್ನು ಎಡ ಎದೆ ಕಾಣುವಂತೆ ಸರಿಸುತ್ತಾರೆ. ಪ್ಯಾಂಟನ್ನು ಎಡ ಮಂಡಿಯ ಮೇಲಕ್ಕೆ ಮಡಚುತ್ತಾರೆ. ಒಂದು ಕಾಲಿಗೆ ಚಪ್ಪಲಿ. ಕಣ್ಣಿಗೆ ಪಟ್ಟಿ, ಕೊರಳಿಗೆ ಕುಣಿಕೆ ಹಗ್ಗ. ಬಾಗಿಲು ಬಡಿದು ಒಳಗೆ ಕರೆದುಕೊಂಡು ಹೋಗುವಾಗ ಬರಿ ಎದೆಗೆ ಚೂಪಾದ ಒಂದು ಮೊನೆ ತಾಗುತ್ತದೆ.

ಕೋಣೆಯನ್ನು ಸುತ್ತಿಸಿ, ಪೀಠದ ಮುಂದೆ ಮಂಡಿಯೂರಿಸುತ್ತಾರೆ. ಧರ್ಮಗ್ರಂಥದ ಮೇಲೆ ಕೈ ಇಟ್ಟು ಪ್ರಮಾಣ ಮಾಡಬೇಕು. ಇದರಲ್ಲಿ ನಿನ್ನ ಧರ್ಮಕ್ಕಾಗಲಿ ದೇಶಕ್ಕಾಗಲಿ ವಿರುದ್ಧವಾದದ್ದು ಏನೂ ಇಲ್ಲ ಎಂದು ಮೊದಲೇ ಭರವಸೆ ಕೊಡುತ್ತಾರೆ. ಆಮೇಲೆ ಮುಖ್ಯಸ್ಥ ಒಂದೊಂದು ಸಾಲನ್ನೂ ಹೇಳಿಕೊಡುತ್ತಾನೆ, ಇವನು ಅದನ್ನೇ ತಿರುಗಿ ಹೇಳುತ್ತಾನೆ. ಗುಟ್ಟು ಬಿಟ್ಟುಕೊಟ್ಟರೆ ಗಂಟಲು ಸೀಳಿಸಿಕೊಳ್ಳಲು, ನಾಲಿಗೆ ಕೀಳಿಸಿಕೊಳ್ಳಲು ತಯಾರು ಎಂಬ ಮಾತು ಹಳೆಯ ಪ್ರಮಾಣದಲ್ಲಿತ್ತು. ಅದು ಬರೀ ಸಂಕೇತ ಎಂದು ಮೇಸನ್ನರು ಹೇಳುತ್ತಾ ಬಂದರು. ಇಂಗ್ಲೆಂಡಿನ ಗ್ರ್ಯಾಂಡ್ ಲಾಡ್ಜ್ 1986ರಲ್ಲಿ ಆ ಭಾಗವನ್ನು ಪ್ರಮಾಣದಿಂದ ತೆಗೆದುಹಾಕಿತು.

ಪ್ರಮಾಣ ಮುಗಿದ ಮೇಲೆ ಒಂದು ಪ್ರಶ್ನೆ ಬರುತ್ತದೆ. ಇಷ್ಟು ಹೊತ್ತು ಕತ್ತಲಲ್ಲಿದ್ದೀಯಲ್ಲ, ಈಗ ನಿನ್ನ ಮನಸ್ಸಿಗೆ ಎಲ್ಲಕ್ಕಿಂತ ಹೆಚ್ಚಾಗಿ ಏನು ಬೇಕು? ಉತ್ತರ ಒಂದೇ ಪದ: ‘ಬೆಳಕು’. ಆಗ ಕಣ್ಣಿನ ಪಟ್ಟಿ ಬಿಚ್ಚುತ್ತಾರೆ.

ಬೆಳಕು ಕೊಡುವವರು ಯಾರು?

ಚರ್ಚಿನ ಆಕ್ಷೇಪ ಇರುವುದು ಇದೇ ಜಾಗದಲ್ಲಿ. ಅದನ್ನು ಅರ್ಥ ಮಾಡಿಕೊಳ್ಳಲು ಕ್ಯಾಥೊಲಿಕ್ ಮನೆಯ ಒಂದು ದೃಶ್ಯ ನೆನಪು ಮಾಡಿಕೊಳ್ಳಿ. ಮಗುವಿಗೆ ದೀಕ್ಷಾಸ್ನಾನ ಆಗುತ್ತಿದೆ. ತಲೆಗೆ ನೀರು ಹಾಕಿದ ಮೇಲೆ, ಪೀಠದ ಹತ್ತಿರ ಉರಿಯುವ ದೊಡ್ಡ ಪಾಸ್ಖ (ಈಸ್ಟರ್) ಮೇಣದಬತ್ತಿಯಿಂದ ಒಂದು ಚಿಕ್ಕ ಬತ್ತಿ ಹಚ್ಚುತ್ತಾರೆ. ಕ್ರಿಸ್ತನ ಬೆಳಕನ್ನು ಸ್ವೀಕರಿಸಿ ಎಂದು ಹೇಳಿ ಅದನ್ನು ತಂದೆಯ ಅಥವಾ ಜ್ಞಾನತಂದೆಯ ಕೈಗೆ ಕೊಡುತ್ತಾರೆ. ಚರ್ಚಿನ ನಂಬಿಕೆಯಲ್ಲಿ ಆ ಮಗುವಿಗೆ ಅವತ್ತೇ ಬೆಳಕು ಸಿಕ್ಕಿತು. ಅದೇ ಮಗು ನಲವತ್ತು ವರ್ಷದ ಗಂಡಸಾಗಿ, ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು, ನನಗೆ ಬೆಳಕು ಬೇಕು ಎಂದು ಮಂಡಿಯೂರಿ ಕೇಳಿದರೆ? ಮೊದಲು ಸಿಕ್ಕಿದ್ದು ಸಾಲದು ಎಂದಂತಲ್ವಾ? ಮೇಸನ್ನರು ಇದನ್ನು ಜ್ಞಾನದ ಬೆಳಕು, ನೀತಿಯ ಬೆಳಕು ಎಂದು ವಿವರಿಸುತ್ತಾರೆ. ಧರ್ಮದ ಜಾಗವನ್ನು ನಾವು ಕೇಳುತ್ತಲೇ ಇಲ್ಲ ಎನ್ನುತ್ತಾರೆ. ಆದರೆ ಪೀಠ, ಪವಿತ್ರ ಗ್ರಂಥ, ಮಂಡಿ, ಪ್ರಮಾಣ, ಬೆಳಕು ಎಲ್ಲ ಸೇರಿದರೆ ಅದು ಸಂಸ್ಕಾರದ ರೂಪವನ್ನೇ ತಾಳುತ್ತದೆ ಎಂಬುದು ಚರ್ಚಿನ ನಿಲುವು.

ಇದು ದೂರದಲ್ಲಿ ನಿಂತು ಮಾಡಿದ ಊಹೆಯಲ್ಲ. ಜರ್ಮನಿಯ ಬಿಷಪ್‌ಗಳು 1974ರಿಂದ 1980ರ ತನಕ ಅಲ್ಲಿನ ಮೇಸನ್ನರ ಜೊತೆ ಎದುರುಬದುರು ಕೂತು ಮಾತಾಡಿದರು. ಮೊದಲ ಮೂರು ಮೆಟ್ಟಿಲುಗಳ ವಿಧಿಪುಸ್ತಕಗಳನ್ನು ಓದಿದರು. ಚರ್ಚಿಗೂ ಲಾಡ್ಜಿಗೂ ಹೊಂದುವುದಿಲ್ಲ ಎಂದು 1980ರ ಮೇ ತಿಂಗಳಲ್ಲಿ ಹೇಳಿದರು.

ಇನ್ನೊಂದು ವಿಷಯ ನಮ್ಮ ದೇಶದವರಿಗೆ ಬೇಗ ಅರ್ಥವಾಗುತ್ತದೆ. ಭಾರತದ ಲಾಡ್ಜ್‌ಗಳ ಪೀಠದ ಮೇಲೆ ಒಂದೇ ಗ್ರಂಥ ಇರುವುದಿಲ್ಲ. ಭಗವದ್ಗೀತೆ, ಕುರಾನ್, ಬೈಬಲ್, ಗುರು ಗ್ರಂಥ ಸಾಹಿಬ್, ಪಾರ್ಸಿಗಳ ಅವೆಸ್ತಾ ಪಕ್ಕಪಕ್ಕದಲ್ಲಿರುತ್ತವೆ. ಅವರವರ ಗ್ರಂಥದ ಮೇಲೆ ಅವರವರ ಪ್ರಮಾಣ. ನಮ್ಮಲ್ಲಿ ಬಹಳ ಜನರಿಗೆ ಇದು ಚೆಂದದ ದೃಶ್ಯ. ಇದರಲ್ಲಿ ತಪ್ಪೇನು ಎಂದು ಕೇಳುವುದು ಸಹಜ.

ಬೇರೆ ಧರ್ಮದವರ ಜೊತೆ ಕೂರುವುದನ್ನು ಚರ್ಚು ಬೇಡ ಅನ್ನುವುದಿಲ್ಲ. 1986ರ ಅಕ್ಟೋಬರ್‌ನಲ್ಲಿ ಪೋಪ್ ಎರಡನೇ ಜಾನ್ ಪಾಲ್ ಇಟಲಿಯ ಅಸ್ಸಿಸಿಗೆ ಎಲ್ಲ ಧರ್ಮದ ಮುಖಂಡರನ್ನು ಕರೆದಿದ್ದರು. ಅಲ್ಲಿ ಬೌದ್ಧರು ಬೌದ್ಧರಾಗಿ, ಹಿಂದೂಗಳು ಹಿಂದೂಗಳಾಗಿ, ಮುಸ್ಲಿಮರು ಮುಸ್ಲಿಮರಾಗಿ ತಮ್ಮ ತಮ್ಮ ಪ್ರಾರ್ಥನೆ ಮಾಡಿದರು. ಲಾಡ್ಜ್‌ನಲ್ಲಿ ಹಾಗಲ್ಲ. ಅಲ್ಲಿ ಎಲ್ಲರಿಗೂ ಸೇರಿ ಇನ್ನೊಂದು ವಿಧಿ ಇದೆ, ದೇವರಿಗೆ ಇನ್ನೊಂದು ಹೆಸರಿದೆ. ಒಬ್ಬೊಬ್ಬರ ಧರ್ಮ ಅವರವರ ಖಾಸಗಿ ಅಭಿಪ್ರಾಯದ ಹಾಗೆ ಬಾಗಿಲ ಹೊರಗೆ ಉಳಿಯುತ್ತದೆ. ಕ್ರಿಸ್ತನಿಲ್ಲದೆಯೂ ಮನುಷ್ಯ ಪೂರ್ಣನಾಗಬಹುದು ಎಂದು ಆ ವ್ಯವಸ್ಥೆ ಬಾಯಿಬಿಟ್ಟು ಹೇಳದಿದ್ದರೂ ಕಲಿಸುತ್ತದೆ ಎಂಬುದು ಚರ್ಚಿನ ವಾದ. 1985ರಲ್ಲಿ ವ್ಯಾಟಿಕನ್ನಿನ ಪತ್ರಿಕೆಯಲ್ಲಿ ಬಂದ ವಿವರಣೆಯ ತಿರುಳೂ ಇದೇ. ಹಿಂದೂವೋ ಪಾರ್ಸಿಯೋ ಆದವರಿಗೆ ಇದು ತೊಡಕೇ ಅಲ್ಲದಿರಬಹುದು. ಕ್ರಿಸ್ತನೇ ದಾರಿ ಎಂದು ದೀಕ್ಷೆಯಲ್ಲಿ ಮಾತು ಕೊಟ್ಟವನಿಗೆ ಮಾತ್ರ ತೊಡಕು.

ಗುಟ್ಟಿನ ಪ್ರಮಾಣದ ವಿಷಯವೂ ಇದೆ. ಏನಿದೆ ಎಂದು ಪೂರ್ತಿ ತಿಳಿಯದ ಕಾಗದಕ್ಕೆ ಸಹಿ ಹಾಕಲು ನಾವು ಹಿಂಜರಿಯುತ್ತೇವಲ್ಲ. ದೇವರ ಹೆಸರಲ್ಲಿ ಮಾಡುವ ಪ್ರಮಾಣಕ್ಕೆ ಇನ್ನೂ ಜಾಸ್ತಿ ಎಚ್ಚರ ಬೇಕು ಎನ್ನುತ್ತದೆ ಚರ್ಚು.

1738ರಿಂದ ಇದೇ ಉತ್ತರ

ಮೊದಲ ನಿಷೇಧ ಬಂದದ್ದು 1738ರ ಏಪ್ರಿಲ್ 28ರಂದು, ಪೋಪ್ ಹನ್ನೆರಡನೇ ಕ್ಲೆಮೆಂಟ್ ಅವರಿಂದ. ಎಲ್ಲ ಪಂಥದವರೂ ಬೆರೆಯುತ್ತಾರೆ, ಗುಟ್ಟಿನ ಪ್ರಮಾಣ ಮಾಡುತ್ತಾರೆ, ಕೆಟ್ಟದ್ದು ಮಾಡದಿದ್ದರೆ ಬೆಳಕಿಗೆ ಯಾಕೆ ಹೆದರಬೇಕು ಎಂದು ಅವರು ಬರೆದರು. 1751ರಲ್ಲಿ ಹದಿನಾಲ್ಕನೇ ಬೆನೆಡಿಕ್ಟ್ ಅದನ್ನೇ ಮತ್ತೆ ಹೇಳಿದರು.

ಹಾಗಾದರೆ ಸಂಗೀತಗಾರ ಮೊಝಾರ್ಟ್? ಅವರು ಕ್ಯಾಥೊಲಿಕ್, ಚರ್ಚಿಗಾಗಿ ಬಲಿಪೂಜೆಯ ಸಂಗೀತ ಬರೆದವರು. 1784ರ ಡಿಸೆಂಬರ್‌ನಲ್ಲಿ ವಿಯೆನ್ನಾದ ಲಾಡ್ಜ್‌ಗೂ ಸೇರಿದರು. ಇದು ಹೇಗೆ ಸಾಧ್ಯವಾಯಿತು ಅಂದರೆ, ಆಗಿನ ಕಾಲದಲ್ಲಿ ಪೋಪ್ ಆಜ್ಞೆ ಹೊರಡಿಸಿದರೆ ಸಾಲುತ್ತಿರಲಿಲ್ಲ. ಅನೇಕ ರಾಜ್ಯಗಳಲ್ಲಿ ಅದನ್ನು ಸಾರಲು ಅರಸನ ಒಪ್ಪಿಗೆ ಬೇಕಿತ್ತು. ಆಸ್ಟ್ರಿಯಾದಲ್ಲಿ ಈ ಆಜ್ಞೆಯನ್ನು ಸಾರಲೇ ಇಲ್ಲ. ಮಹಾರಾಣಿ ಮರಿಯಾ ತೆರೇಸಾ ಅವರ ಗಂಡ ಫ್ರಾನ್ಸಿಸ್ 1731ರಲ್ಲೇ ಮೇಸನ್ ಆಗಿದ್ದವರು! ‘ಅವರು ಕ್ಯಾಥೊಲಿಕ್, ಇವರೂ ಕ್ಯಾಥೊಲಿಕ್, ಇಬ್ಬರೂ ಮೇಸನ್’ ಎಂದು ಹಳೆಯ ಹೆಸರುಗಳ ಪಟ್ಟಿ ಕೊಡುವವರು ಈ ಸಂಗತಿಯನ್ನು ಬಿಟ್ಟುಬಿಡುತ್ತಾರೆ.

ಹತ್ತೊಂಬತ್ತನೇ ಶತಮಾನದಲ್ಲಿ ಜಗಳ ರಾಜಕೀಯಕ್ಕೂ ಹಬ್ಬಿತು. ಇಟಲಿ, ಫ್ರಾನ್ಸ್‌ಗಳಲ್ಲಿ ಚರ್ಚಿನ ಅಧಿಕಾರ ಕಡಿಮೆ ಮಾಡಬೇಕೆಂದು ಹೋರಾಡಿದವರಲ್ಲಿ ಮೇಸನ್ನರು ಬಹಳ ಇದ್ದರು. ಫ್ರಾನ್ಸಿನ ಮೇಸನ್ನರ ಕೇಂದ್ರ ಸಂಘವಾದ ಗ್ರ್ಯಾಂಡ್ ಓರಿಯೆಂಟ್ 1877ರಲ್ಲಿ ದೇವರ ನಂಬಿಕೆಯ ಷರತ್ತನ್ನೇ ತೆಗೆದುಹಾಕಿತು. ಇದನ್ನು ಒಪ್ಪದ ಇಂಗ್ಲೆಂಡಿನ ಮೇಸನ್ನರು ಅವರಿಂದ ದೂರ ಸರಿದರು. 1884ರಲ್ಲಿ ಪೋಪ್ ಹದಿಮೂರನೇ ಲಿಯೋ ಒಂದು ದೀರ್ಘ ಪತ್ರದಲ್ಲಿ ಮೇಸನ್ನರನ್ನು ಕಟುವಾಗಿ ಖಂಡಿಸಿದರು. 1917ರ ಚರ್ಚಿನ ಕಾನೂನು ಸಂಹಿತೆಯಂತೂ, ಲಾಡ್ಜ್ ಸೇರಿದ ಕ್ಷಣವೇ ತಾನಾಗಿಯೇ ಬಹಿಷ್ಕಾರ ಎಂದಿತು.

ಗೊಂದಲ ಹುಟ್ಟಿದ್ದು 1983ರಲ್ಲಿ

‘ಈಗ ಆ ಕಾನೂನು ಇಲ್ಲವಲ್ಲ?’ ಈ ಮಾತನ್ನು ತಿಳಿದವರ ಬಾಯಲ್ಲೂ ಕೇಳಬಹುದು. ಅದಕ್ಕೆ ಕಾರಣ ಇದೆ.

1974ರಲ್ಲಿ ವ್ಯಾಟಿಕನ್ನಿನ ಕಾರ್ಡಿನಲ್ ಶೆಪರ್ ಅಮೆರಿಕದ ಕಾರ್ಡಿನಲ್ ಕ್ರೋಲ್ ಅವರಿಗೆ ಒಂದು ಪತ್ರ ಬರೆದರು. ಚರ್ಚಿನ ವಿರುದ್ಧ ನಿಜವಾಗಿ ಕೆಲಸ ಮಾಡುವ ಸಂಘಗಳಿಗೆ ಸೇರಿದವರಿಗೆ ಮಾತ್ರ ಆ ಶಿಕ್ಷೆ ಎಂಬ ಅರ್ಥ ಬರುವಂತಿತ್ತು. ನಮ್ಮ ಊರಿನ ಲಾಡ್ಜ್ ಅಂಥದ್ದಲ್ಲ ಎಂದುಕೊಂಡು ಅನೇಕರು ಸೇರಿದರು. ನಿಷೇಧ ಸಡಿಲವಾಗಿಲ್ಲ ಎಂದು 1981ರಲ್ಲಿ ವ್ಯಾಟಿಕನ್ ತಿದ್ದಿತು. ಅಷ್ಟರಲ್ಲಿ 1983ರ ಹೊಸ ಸಂಹಿತೆ ಬಂತು. ಅದರ 1374ನೇ ವಿಧಿ, ಚರ್ಚಿನ ವಿರುದ್ಧ ಸಂಚು ಮಾಡುವ ಸಂಘಕ್ಕೆ ಸೇರಿದವರಿಗೆ ತಕ್ಕ ಶಿಕ್ಷೆ ಆಗಬೇಕು ಎನ್ನುತ್ತದೆ. ಅದರಲ್ಲಿ ‘ಮೇಸನ್’ ಎಂಬ ಪದವೇ ಇಲ್ಲ. ತಾನಾಗಿ ಆಗುವ ಬಹಿಷ್ಕಾರವೂ ಇಲ್ಲ.

ಹೊಸ ಸಂಹಿತೆ ಜಾರಿಗೆ ಬರಬೇಕಿದ್ದದ್ದು ನವೆಂಬರ್ 27ಕ್ಕೆ. ಅದರ ಹಿಂದಿನ ದಿನ, ನವೆಂಬರ್ 26ರ ತಾರೀಖಿನಲ್ಲಿ ಒಂದು ಚಿಕ್ಕ ಪ್ರಕಟಣೆ ಬಂತು. ಸಹಿ ಕಾರ್ಡಿನಲ್ ರಾಟ್ಜಿಂಗರ್ ಅವರದು. ಅವರೇ ಮುಂದೆ ಪೋಪ್ ಹದಿನಾರನೇ ಬೆನೆಡಿಕ್ಟ್ ಆದವರು. ಮೇಸನ್ನರ ಬಗ್ಗೆ ಚರ್ಚಿನ ತೀರ್ಮಾನ ಬದಲಾಗಿಲ್ಲ, ಸೇರಿದವರು ಗಂಭೀರ ಪಾಪದ ಸ್ಥಿತಿಯಲ್ಲಿರುತ್ತಾರೆ, ಬಲಿಪೂಜೆಯಲ್ಲಿ ಕೊಡುವ ಪರಮಪ್ರಸಾದ ಸ್ವೀಕರಿಸುವಂತಿಲ್ಲ ಎಂದು ಅದು ಹೇಳಿತು. ಈ ವಿಷಯದಲ್ಲಿ ಬೇರೆ ಅರ್ಥ ಹೇಳುವ ಅಧಿಕಾರ ಊರಿನ ಬಿಷಪ್‌ಗಳಿಗೂ ಇಲ್ಲ ಎಂದಿತು.

ಹೀಗೆ ಯೋಚಿಸಿ. ಹೆಲ್ಮೆಟ್ ಹಾಕದವರಿಗೆ ದಂಡ ಕಡಿಮೆ ಮಾಡಿದರು ಅಂದುಕೊಳ್ಳಿ. ಹೆಲ್ಮೆಟ್ ಬೇಡ ಅಂತ ಅರ್ಥವಲ್ಲ ಅಲ್ವಾ? ಇಲ್ಲೂ ಬದಲಾಗಿದ್ದು ದಂಡ. ‘ಇದು ತಪ್ಪು’ ಎನ್ನುವ ಮಾತು ಹಾಗೇ ಇದೆ. 2013ರಲ್ಲಿ ಫ್ರಾನ್ಸಿನ ಆಲ್ಪ್ಸ್ ಬೆಟ್ಟಗಳ ಮೆಝೆವ್ ಊರಿನ ಪಾದ್ರಿಯೊಬ್ಬರು ಗ್ರ್ಯಾಂಡ್ ಓರಿಯೆಂಟ್ ಬಿಡಲು ಒಪ್ಪಲಿಲ್ಲ. ಅವರನ್ನು ಆ ಊರಿನ ಹೊಣೆಯಿಂದ ಇಳಿಸಿದರು.

ಸೈತಾನನ ಕಥೆ ಎಲ್ಲಿಂದ ಬಂತು?

ಮೇಸನ್ನರ ಮಾತು ಬಂದಾಗಲೆಲ್ಲ ವಾಟ್ಸ್‌ಆ್ಯಪ್‌ನಲ್ಲಿ ಒಂದು ಜಾತಿಯ ಮೆಸೇಜು ಓಡಾಡುತ್ತದೆ: ಇವರು ಸೈತಾನನನ್ನು ಪೂಜಿಸುತ್ತಾರೆ, ಮೇಕೆ ತಲೆಯ ಮೂರ್ತಿ ಇಟ್ಟಿದ್ದಾರೆ. ದಯವಿಟ್ಟು ಇದನ್ನು ಮುಂದಕ್ಕೆ ಕಳಿಸಬೇಡಿ. ಇದರ ದೊಡ್ಡ ಪಾಲು ಒಬ್ಬ ಮನುಷ್ಯ ಹೆಣೆದ ಸುಳ್ಳು.

ಅವನ ಹೆಸರು ಲಿಯೋ ಟಾಕ್ಸಿಲ್, ಫ್ರಾನ್ಸಿನವನು. ಮೊದಲು ಚರ್ಚನ್ನು ಹೀಯಾಳಿಸಿ ಬರೆಯುತ್ತಿದ್ದ. 1885ರಲ್ಲಿ ಇದ್ದಕ್ಕಿದ್ದಂತೆ ಪಶ್ಚಾತ್ತಾಪವಾಯಿತು ಎಂದು ಚರ್ಚಿಗೆ ಮರಳಿದ. ಆಮೇಲೆ ಮೇಸನ್ನರ ಸೈತಾನ ಪೂಜೆಯ ಬಗ್ಗೆ ಪುಸ್ತಕದ ಮೇಲೆ ಪುಸ್ತಕ ಬರೆದ. ಡಯಾನಾ ವಾನ್ ಎಂಬ ಹೆಣ್ಣುಮಗಳು ಅಂಥ ಗುಂಪಿನಿಂದ ತಪ್ಪಿಸಿಕೊಂಡು ಬಂದಿದ್ದಾಳೆ ಎಂದು ಅವಳ ಕಥೆಯನ್ನೂ ಬರೆದ. ಜನ ಅವಳಿಗಾಗಿ ಪ್ರಾರ್ಥನೆ ಮಾಡಿದರು. ಪಾದ್ರಿಗಳು, ಬಿಷಪ್‌ಗಳು ನಂಬಿದರು. ಅವಳನ್ನು ಕಣ್ಣಾರೆ ನೋಡಬೇಕು ಎಂದು ಒತ್ತಾಯ ಹೆಚ್ಚಿತು. 1897ರ ಏಪ್ರಿಲ್ 19ರಂದು ಪ್ಯಾರಿಸ್ಸಿನ ಒಂದು ಸಭಾಂಗಣದಲ್ಲಿ ಅವಳನ್ನು ತೋರಿಸುತ್ತೇನೆ ಎಂದು ಎಲ್ಲರನ್ನೂ ಕರೆದ. ಅವಳು ಬರಲಿಲ್ಲ. ಹನ್ನೆರಡು ವರ್ಷ ಹೇಳಿದ್ದೆಲ್ಲ ನಾನೇ ಕಟ್ಟಿದ ಕಥೆ ಎಂದು ಟಾಕ್ಸಿಲ್ ಅಲ್ಲೇ ಒಪ್ಪಿಕೊಂಡ. ಸಭೆಯಲ್ಲಿ ದೊಡ್ಡ ಗದ್ದಲವಾಯಿತು.

1983ರ ಪ್ರಕಟಣೆಯಲ್ಲಾಗಲಿ 2023ರ ಉತ್ತರದಲ್ಲಾಗಲಿ ಸೈತಾನ ಪೂಜೆಯ ಆರೋಪ ಇಲ್ಲ. ಅಂಥ ಮೆಸೇಜು ನಂಬುವವರು ಚರ್ಚು ನಿಜವಾಗಿ ಏನು ಹೇಳುತ್ತಿದೆ ಎನ್ನುವುದನ್ನೇ ಕೇಳಿಸಿಕೊಳ್ಳುವುದಿಲ್ಲ. ಪಕ್ಕದ ಮನೆಯ ಮೇಸನ್ ಒಬ್ಬ ಒಳ್ಳೆಯ ಮನುಷ್ಯನನ್ನು ಸುಮ್ನೆ ಅನುಮಾನದಿಂದ ನೋಡುತ್ತಾರೆ.

ಹಾಗೆಂದು ಎಲ್ಲ ಆರೋಪವೂ ಸುಳ್ಳಲ್ಲ. 1981ರಲ್ಲಿ ಇಟಲಿಯ ಪೊಲೀಸರಿಗೆ ಲಿಚಿಯೊ ಜೆಲ್ಲಿ ಎಂಬಾತನ ಹತ್ತಿರ ‘ಪಿ2’ ಲಾಡ್ಜ್‌ನ 962 ಹೆಸರುಗಳ ಪಟ್ಟಿ ಸಿಕ್ಕಿತು. ಮಂತ್ರಿಗಳು, ಸೇನಾಧಿಕಾರಿಗಳು, ಬ್ಯಾಂಕಿನವರು ಅದರಲ್ಲಿದ್ದರು. ಸರ್ಕಾರವೇ ಬಿತ್ತು. ಆದರೆ ಇಟಲಿಯ ಮೇಸನ್ನರೇ ಆ ಲಾಡ್ಜ್ ಅನ್ನು 1976ರಲ್ಲಿ ಅಮಾನತು ಮಾಡಿದ್ದರು ಎನ್ನುವುದನ್ನೂ ಹೇಳಬೇಕು.

ರೋಟರಿ, ಲಯನ್ಸ್ ಕ್ಲಬ್ ಸೇರಬಹುದಾ?

ಸೇರಬಹುದು. ಮಂಗಳೂರಿನಿಂದ ಬೀದರ್‌ವರೆಗೆ ಈ ಕ್ಲಬ್‌ಗಳಿವೆ. ಕಣ್ಣು ತಪಾಸಣೆ, ರಕ್ತದಾನ ಶಿಬಿರ ನಡೆಸುತ್ತವೆ. ಇಲ್ಲಿ ಗುಟ್ಟಿನ ಪ್ರಮಾಣ ಇಲ್ಲ, ದೀಕ್ಷೆಯಂಥ ವಿಧಿ ಇಲ್ಲ. ರೋಟರಿಯ ಬಗ್ಗೆಯೂ ಒಂದು ಕಾಲದಲ್ಲಿ ಅನುಮಾನ ಇತ್ತು. ಪಾದ್ರಿಗಳು ಅದಕ್ಕೆ ಸೇರಬಾರದು, ಉಳಿದವರು ಎಚ್ಚರದಿಂದಿರಿ ಎಂದು 1951ರ ಜನವರಿಯಲ್ಲಿ ವ್ಯಾಟಿಕನ್ ಹೇಳಿತ್ತು. ಆ ಅನುಮಾನ ಕರಗಿತು. 1979ರಲ್ಲಿ ರೋಮ್‌ನಲ್ಲಿ ರೋಟರಿಯ ವಿಶ್ವ ಸಮ್ಮೇಳನ ನಡೆದಾಗ ಎರಡನೇ ಜಾನ್ ಪಾಲ್ ಅವರೇ ಅವರನ್ನು ಉದ್ದೇಶಿಸಿ ಮಾತಾಡಿದರು.

ಗುಟ್ಟು ಇದ್ದಮಾತ್ರಕ್ಕೆ ಚರ್ಚು ಬೇಡ ಅನ್ನುತ್ತದೆ ಎಂದೂ ಅಲ್ಲ. ಅಮೆರಿಕದಲ್ಲಿ ಫಾದರ್ ಮೈಕಲ್ ಮೆಕ್‌ಗಿವ್ನಿ 1882ರಲ್ಲಿ ನೈಟ್ಸ್ ಆಫ್ ಕೊಲಂಬಸ್ ಸಂಘ ಕಟ್ಟಿದರು. ಆಗ ಕೂಲಿಗೆ ಹೋಗುವ ಗಂಡ ಸತ್ತರೆ ಹೆಂಡತಿ ಮಕ್ಕಳು ಬೀದಿಗೆ ಬೀಳುತ್ತಿದ್ದರು. ನೆರವು ಕೊಡುವ ಸಂಘಗಳು ಬಹಳಷ್ಟು ಲಾಡ್ಜ್ ಮಾದರಿಯವು, ಕ್ಯಾಥೊಲಿಕರು ಅವಕ್ಕೆ ಸೇರುವಂತಿರಲಿಲ್ಲ. ಹಾಗಾಗಿ ಅವರು ಮೆಟ್ಟಿಲು, ವಿಧಿ, ಅಣ್ಣತಮ್ಮಂದಿರ ಬಾಂಧವ್ಯ ಎಲ್ಲ ಇರುವ ಸಂಘವನ್ನು ಚರ್ಚಿನ ಒಳಗೇ ಮಾಡಿದರು. ಅದರ ವಿಧಿಗಳೂ ಬಹಳ ಕಾಲ ಗುಟ್ಟಾಗಿದ್ದವು. ಮನೆಯವರೂ ಬಂದು ನೋಡುವಂತೆ ಬಾಗಿಲು ತೆರೆದದ್ದು 2020ರಲ್ಲಿ.

ಅದೇ ಅಮೆರಿಕದ ನೈಟ್ಸ್ ಆಫ್ ಲೇಬರ್ ಒಂದು ಕಾರ್ಮಿಕ ಸಂಘ. ಮಾಲೀಕರು ಕೆಲಸದಿಂದ ಕಿತ್ತುಹಾಕಬಾರದೆಂದು ಮೊದಮೊದಲು ಗುಟ್ಟಾಗಿ ನಡೆಯುತ್ತಿತ್ತು. ಕೆನಡಾದ ಬಿಷಪ್‌ಗಳು ನಿಷೇಧಿಸಿದರು. ಕಾರ್ಡಿನಲ್ ಗಿಬ್ಬನ್ಸ್ 1887ರಲ್ಲಿ ರೋಮ್‌ಗೆ ಹೋಗಿ, ಬಡ ಕೂಲಿಕಾರರು ಒಗ್ಗಟ್ಟಾಗುವುದನ್ನು ತಡೆಯಬೇಡಿ ಎಂದು ವಾದಿಸಿದರು. ಮರುವರ್ಷ ರೋಮ್ ಕೆಲವು ತಿದ್ದುಪಡಿ ಕೇಳಿ ಬಿಟ್ಟುಕೊಟ್ಟಿತು.

ಈಗಾಗಲೇ ಸೇರಿದವರು ಏನು ಮಾಡಬೇಕು?

ಗೊತ್ತಿಲ್ಲದೆ, ಒಳ್ಳೆಯ ಮನಸ್ಸಿನಿಂದ ಸೇರಿದವರು ಎಷ್ಟೋ ಜನ. ಆಫೀಸಿನ ಗೆಳೆಯ ಕರೆದ, ಇವರು ಹೋದರು. ಫಿಲಿಪ್ಪೀನ್ಸ್‌ಗೆ ಬರೆದ ಉತ್ತರದಲ್ಲೂ, ತಿಳಿದೂ ತಿಳಿದೂ ಸೇರಿ, ಆ ತತ್ವಗಳನ್ನು ಒಪ್ಪಿಕೊಂಡವರಿಗೆ ಇದು ಅನ್ವಯ ಎಂದಿದೆ. ಎಲ್ಲ ಊರಿನ ಚರ್ಚುಗಳಲ್ಲೂ ಜನರಿಗೆ ಅರ್ಥವಾಗುವಂತೆ ತಿಳಿಸಿ ಹೇಳಿ ಎಂದೂ ಬಿಷಪ್‌ಗಳಿಗೆ ಸೂಚಿಸಿದೆ.

ಹೊರಗೆ ಬರುವ ದಾರಿ ಕಷ್ಟದ್ದಲ್ಲ. 1917ರ ಸಂಹಿತೆಯ ಕಾಲದಲ್ಲಿ ಈ ಬಹಿಷ್ಕಾರ ತೆಗೆಯುವ ಅಧಿಕಾರ ರೋಮ್‌ನದಾಗಿತ್ತು. ಈಗ ಹಾಗಿಲ್ಲ. ಲಾಡ್ಜ್‌ಗೆ ರಾಜೀನಾಮೆ ಬರೆದು ಕೊಡಬೇಕು. ಅವರು ಅದನ್ನು ಸ್ವೀಕರಿಸುತ್ತಾರೆ, ಯಾರ ಗಂಟಲನ್ನೂ ಯಾರೂ ಸೀಳುವುದಿಲ್ಲ. ಅಲ್ಲಿ ಸಿಕ್ಕಿದ ಗೆಳೆಯರನ್ನು ಬಿಡಬೇಕಾಗಿಲ್ಲ. ಆಮೇಲೆ ತನ್ನ ಊರಿನ ಚರ್ಚಿನಲ್ಲೇ, ತನಗೆ ಪರಿಚಯದ ಫಾದರ್ ಹತ್ತಿರ ಪಾಪನಿವೇದನೆ. ಮುಂದಿನ ಭಾನುವಾರ ಪರಮಪ್ರಸಾದದ ಸಾಲಿನಲ್ಲಿ ಎಲ್ಲರ ಜೊತೆ ನಿಲ್ಲಬಹುದು.